ಮಹಡಿ ಮೇಲಿನ ಟೈಲರ್

ಹುಡುಗನ ಕಡೆಯವರು ನನ್ನ ಮದುವೆ ಮಾತಿಗೆ ಬರುವ ಭಾನುವಾರದೊಳಗೆ ನಮ್ಮ ಮನೆಯಲ್ಲಿ ಎರಡು ಕೆಲಸ ಆಗಬೇಕಿತ್ತು. ಅಂಗಡಿ ಬಾಗಿಲಲ್ಲಿದ್ದ ಹಳೆಯ ಸ್ಪಂಜಿನ ರಾಶಿ ಕಣ್ಮರೆಯಾಗಬೇಕಿತ್ತು, ನನ್ನ ಅಣ್ಣ ಕಣ್ಮರೆಯಾಗಬೇಕಿತ್ತು. ಸ್ಪಂಜು ಶನಿವಾರವೇ ಹೋಯಿತು. ಅಣ್ಣನನ್ನು ಒಯ್ಯಬೇಕಿದ್ದ ನಿಲಯದವರು ಮಾತ್ರ ವ್ಯಾನು ಸೋಮವಾರ ಬೆಳಿಗ್ಗೆಯೇ ಬರುವುದು ಎಂದುಬಿಟ್ಟರು.

ನಮ್ಮದು ಸೋಫಾ, ಕುರ್ಚಿಗಳಿಗೆ ಹೊಸ ಬಟ್ಟೆ ಹಾಕಿಕೊಡುವ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ, ಮೇಲೆ ಒಂದೇ ಕೋಣೆ. ಅಪ್ಪ ಕೆಳಗೆ ಕೂತು ಹರಿದ ಬಟ್ಟೆ ಕೀಳುತ್ತಾರೆ, ಸ್ಪ್ರಿಂಗು ಬಿಗಿಯುತ್ತಾರೆ, ಹೊಸ ಬಟ್ಟೆ ಕತ್ತರಿಸುತ್ತಾರೆ. ಹೊಲಿಗೆ ಆಗುವುದು ಮೇಲೆ. ಅಂಗಡಿಯ ಚಾವಣಿಯಲ್ಲಿ ಒಂದು ಚೌಕದ ಕಿಂಡಿ, ಕಿಂಡಿಗೆ ಹಗ್ಗ, ಹಗ್ಗಕ್ಕೆ ಬುಟ್ಟಿ. ಬಟ್ಟೆ ಮೇಲೆ ಹೋಗುತ್ತದೆ, ಕವರು ಕೆಳಗೆ ಬರುತ್ತದೆ. ಗಿರಾಕಿಗಳು ತಲೆಯೆತ್ತಿ ಮೇಲೆ ಯಾರು ಎಂದು ಕೇಳಿದರೆ ಅಪ್ಪ ‘ನಮ್ಮ ಟೈಲರ್’ ಎನ್ನುತ್ತಾರೆ. ನೆಂಟರು ಮಗ ಎಲ್ಲಿ ಎಂದು ಕೇಳಿದರೆ ಅಮ್ಮ ‘ಹಡಗಿನಲ್ಲಿ’ ಎನ್ನುತ್ತಾಳೆ. ಟೈಲರೂ ಹಡಗಿನವನೂ ಒಬ್ಬನೇ, ನನ್ನ ಅಣ್ಣ.

ಅಣ್ಣನಿಗೆ ಹುಚ್ಚಿಲ್ಲ, ಕೈಕಾಲು ನೆಟ್ಟಗಿವೆ. ಯಾರಾದರೂ ಮುಖ ನೋಡಿದರೆ ಮಾತ್ರ ಅವನಿಗೆ ಬೆವರು ಒಡೆಯುತ್ತದೆ, ಮಾತು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ, ಓಡಿಹೋಗುತ್ತಾನೆ. ಕಾಲೇಜಿನಿಂದ ಓಡಿ ಬಂದ, ಎರಡು ಕೆಲಸದಿಂದ ಓಡಿ ಬಂದ, ಆಮೇಲೆ ಮಹಡಿ ಹತ್ತಿ ಕೂತ. ಅವನನ್ನು ಡಾಕ್ಟರ ಹತ್ತಿರ ಕರೆದೊಯ್ದರೆ ಬೀದಿಯವರು ನೋಡುತ್ತಾರೆ ಎಂದು ಅಮ್ಮ ಕರೆದೊಯ್ಯಲಿಲ್ಲ. ಬೀದಿಯವರಿಗೆ ಹೇಳಲು ಏನಾದರೂ ಬೇಕಲ್ಲ? ಆ ಹೊತ್ತಿಗೆ ಸೋದರಮಾವ ಬಂದ.

ನಾನೂ ಅಣ್ಣನೂ ಅವನಿಗೆ ಇಟ್ಟ ಹೆಸರು ‘ಸಲಹೆ ಮಾವ’. ಕೇಳಿದವರಿಗೂ ಕೇಳದವರಿಗೂ ಸಲಹೆ ಕೊಟ್ಟು, ಊಟ ಮುಗಿಸಿಕೊಂಡು ಹೋಗುವುದು ಅವನ ಕಸುಬು. ಹಡಗು ಅವನ ಸಲಹೆ. ಹಡಗಾದರೆ ವಿಳಾಸವಿರುವುದಿಲ್ಲ, ಯಾರೂ ಹೋಗಿ ನೋಡಿ ಬರುವಂತಿಲ್ಲ ಎಂದ. ಯಾರದೋ ಬಿಳಿ ಟೋಪಿ ತಂದು ಅಣ್ಣನ ತಲೆಗಿಟ್ಟು, ಸಮುದ್ರದ ಚಿತ್ರದ ಪರದೆ ಕಟ್ಟಿಸಿ ಫೋಟೋ ತೆಗೆಸಿದ. ಫೋಟೋದಲ್ಲಿ ಅಣ್ಣ ಸಮುದ್ರದ ಕಡೆಯಲ್ಲ, ಬಾಗಿಲ ಕಡೆ ನೋಡುತ್ತಿದ್ದಾನೆ. ಅಮ್ಮ ಅದಕ್ಕೆ ಚೌಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದಳು. ದಿನಾ ಧೂಳು ಒರೆಸುತ್ತಾಳೆ. ಮೇಲಿನ ಮಗನಿಗೆ ಊಟದ ತಟ್ಟೆ ಕೊಡಲು ನನ್ನನ್ನು ಕಳಿಸುತ್ತಾಳೆ, ಗೋಡೆಯ ಮಗನನ್ನು ತಾನೇ ನೋಡಿಕೊಳ್ಳುತ್ತಾಳೆ.

ನಿಲಯವೂ ಮಾವನದೇ ಸಲಹೆ. ಮನೆಯಲ್ಲಿಟ್ಟುಕೊಳ್ಳಲಾಗದವರನ್ನು ದುಡ್ಡು ಕಟ್ಟಿ ಬಿಟ್ಟುಬರುವ, ಊರಾಚೆಯ ಎತ್ತರದ ಗೋಡೆಯ ಒಂದು ಕಟ್ಟಡ, ಒಳಗೆ ಹೋದವರು ಹೊರಗೆ ಬಂದದ್ದನ್ನು ಯಾರೂ ಕಂಡಿಲ್ಲ. “ಅವನಿಗೂ ನೆಮ್ಮದಿ, ನಮಗೂ ನೆಮ್ಮದಿ,” ಎಂದ. ಅಮ್ಮ ಅತ್ತಳು, ಅತ್ತು ಒಪ್ಪಿದಳು. ಅಪ್ಪ ಅಳಲೂ ಇಲ್ಲ, ಬೇಡ ಎನ್ನಲೂ ಇಲ್ಲ. ಸುದ್ದಿಯನ್ನು ಅಣ್ಣನಿಗೆ ಹೇಳುವ ಕೆಲಸ ಊಟದ ತಟ್ಟೆಯ ಜೊತೆ ನನಗೇ ಬಂತು. ಅವನು ಕೇಳಿಸಿಕೊಂಡು, ಸೂಜಿಗೆ ದಾರ ಪೋಣಿಸಿ, “ಅಲ್ಲಿ ಮಿಷನ್ ಇರುತ್ತಾ?” ಎಂದು ಮಾತ್ರ ಕೇಳಿದ. ಇಲ್ಲ ಎಂದೆ. ಆ ಮಧ್ಯಾಹ್ನ ಅವನು ಊಟ ಮಾಡಲಿಲ್ಲ.

ಭಾನುವಾರ ಅವರು ಬಂದರು. ಹುಡುಗ, ಹುಡುಗನ ತಾಯಿ, ಗಾಲಿ ಕುರ್ಚಿಯಲ್ಲಿ ಹುಡುಗನ ಅಕ್ಕ. ಅಕ್ಕನಿಗೆ ಸೊಂಟದ ಕೆಳಗೆ ಸ್ವಾಧೀನವಿಲ್ಲ, ಮಾತು ಸ್ವಲ್ಪ ಎಳೆಯುತ್ತದೆ. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವಳು. ಎರಡು ಜಡೆ ಹಾಕಿ ಬಣ್ಣದ ರಿಬ್ಬನ್ನು ಕಟ್ಟಿದ್ದರು. ಹುಡುಗನ ತಾಯಿ ಕೂರುವ ಮೊದಲೇ ಶುರುಮಾಡಿದಳು. ನಿಮ್ಮ ಕಡೆ ಇಂಥ ಮಕ್ಕಳನ್ನು ಮುಚ್ಚಿಡುತ್ತಾರಂತೆ, ನಮ್ಮ ಕಡೆ ಹಾಗಿಲ್ಲ, ಎಲ್ಲಿ ಹೋದರೂ ಮುಂದಿಟ್ಟುಕೊಂಡೇ ಹೋಗುತ್ತೇವೆ ಎಂದಳು. ಮುಂದಿಟ್ಟುಕೊಳ್ಳುವುದು ಎಂದರೇನು ಎಂದು ಬೇಗ ಗೊತ್ತಾಯಿತು. ಮಗಳನ್ನು ಹೆತ್ತ ಕಷ್ಟ, ಅವಳ ಆಪರೇಷನ್ನು, ಸ್ನಾನ, ಶೌಚ ಎಲ್ಲವನ್ನೂ ಅವಳೆದುರೇ ನಮ್ಮ ಬಿಸ್ಕತ್ತಿನ ತಟ್ಟೆಯ ಮೇಲೆ ಹರವಿದಳು. ಮಗಳ ಬಾಯಿ ಒರೆಸಿದಳು. ಅಲ್ಲಿ ಒರೆಸುವಂಥದ್ದೇನೂ ಇರಲಿಲ್ಲ. ಅಮ್ಮ ಕಣ್ಣಿಗೆ ಸೆರಗು ಹಚ್ಚಿ “ನೀವು ದೇವರಂಥವರು” ಎಂದಾಗ ಆಕೆ ಈ ಮಾತಿಗೇ ಕಾದಿದ್ದವಳಂತೆ ಕುರ್ಚಿಗೆ ಒರಗಿ ಕೂತಳು.

ಹೊರದೇಶದಲ್ಲಿ ಓದಿ ಬಂದ ಹುಡುಗ ಸುಮ್ಮನಿರಲಾರದೆ, ಅಲ್ಲಿ ಇದೆಲ್ಲ ತಲೆನೋವೇ ಇಲ್ಲ, ಮಕ್ಕಳು ವಯಸ್ಸಿಗೆ ಬಂದ ಮೇಲೆ ಸರ್ಕಾರವೇ ಬೇರೆ ಮನೆ ಕೊಡುತ್ತದೆ, ನರ್ಸು ಬಂದು ಹೋಗುತ್ತಾಳೆ, ತಂದೆತಾಯಿ ಹುಟ್ಟುಹಬ್ಬಕ್ಕೆ ಹೂವು ಕಳಿಸಿದರೆ ಸಾಕು ಎಂದ.

“ನೀನು ಅಂಥ ಮನೆ ಒಳಗೆ ಹೋಗಿ ನೋಡಿದ್ದೀಯಾ?” ಎಂದಳು ಅವನ ಅಕ್ಕ.

“ಇಲ್ಲ. ಕೇಳಿದ್ದೀನಿ.”

“ಹೂವು ಕಳಿಸೋರ ಹತ್ರ ಕೇಳಿರ್ತೀಯ.”

ತಾಯಿ ನಕ್ಕು, ನಮ್ಮ ಪುಟ್ಟಿ ತಮಾಷೆ ಮಾಡುತ್ತಾಳೆ ಎಂದು ನಮಗೆ ಅರ್ಥ ಹೇಳಿದಳು.

ಆಗ ಮೇಲೆ ಮಿಷನ್ನು ಶುರುವಾಯಿತು. ಅವರು ಹೋಗುವತನಕ ಉಸಿರೆತ್ತಬೇಡ ಎಂದು ಅಮ್ಮ ಅಣ್ಣನಿಗೆ ಹೇಳಿ, ಹೊರಗಿನಿಂದ ಚಿಲಕ ಹಾಕಿದ್ದಳು. ಆದರೆ ಆಸ್ಪತ್ರೆಯೊಂದರ ಕಾಯುವ ಕೋಣೆಗೆ ಹಾಕುವ ಕುರ್ಚಿಗಳ ದೊಡ್ಡ ಆರ್ಡರು ನಮ್ಮಲ್ಲಿತ್ತು, ವ್ಯಾನು ಬರುವುದರೊಳಗೆ ಆದಷ್ಟು ಹೊಲಿದಿಡು ಎಂದು ಅಪ್ಪ ಕಿಂಡಿಯಿಂದ ಹೇಳಿದ್ದರು. ಅಣ್ಣ ತಂದೆಯ ಮಾತು ಕೇಳಿದ.

ಹುಡುಗನ ತಾಯಿ ತಲೆಯೆತ್ತಿ ಯಾರು ಎಂದಳು. ಅಮ್ಮ ಬಾಯಿ ತೆರೆಯುವ ಮೊದಲೇ ಅಪ್ಪ ಅಭ್ಯಾಸಬಲದಿಂದ ‘ನಮ್ಮ ಟೈಲರ್’ ಎಂದರು. ಭಾನುವಾರವೂ ಪಾಪ ದುಡಿಯುತ್ತಾನಾ, ನಮ್ಮ ಕಡೆ ಕೆಲಸದವರನ್ನು ಬಿಟ್ಟು ನಾವು ಚಹಾ ಕುಡಿಯುವುದಿಲ್ಲ, ಅವನನ್ನೂ ಕರೆಯಿರಿ ಎಂದು ಆಕೆ ಹಟ ಹಿಡಿದಳು. ಅಮ್ಮ ಅವನಿಗೆ ನಾಚಿಕೆ ಎಂದಳು, ಮೈ ಸರಿಯಿಲ್ಲ ಎಂದಳು. ಆಕೆ ತನ್ನ ಲೋಟವನ್ನು ಕೆಳಗಿಟ್ಟು ಕೂತಳು. ಕೊನೆಗೆ, ಬೆಳಿಗ್ಗೆಯೇ ಬಂದು ಕೂತಿದ್ದ ಮಾವ ನನ್ನತ್ತ ಬಾಗಿ, ಕರ್ಕೊಂಡು ಬಾ, ಟೈಲರ್ ಅಂತಲೇ ಬರಲಿ, ಒಂದು ಗುಟುಕು ಕುಡಿದು ಹೋಗಲಿ ಎಂದು ಕಿವಿಯಲ್ಲಿ ಸಲಹೆ ಕೊಟ್ಟ.

ನಾನು ಚಿಲಕ ತೆಗೆದು ವಿಷಯ ಹೇಳಿದೆ. ಅವನು ಹೆದರಿ ಮೂಲೆ ಸೇರುತ್ತಾನೆ ಎಂದುಕೊಂಡಿದ್ದೆ. ಅವನು ಮಿಷನ್ನಿನಿಂದ ಬಟ್ಟೆ ತೆಗೆದು ಮಡಿಚಿಟ್ಟ.

“ಟೈಲರ್ ಮುಖ ಯಾರು ನೋಡ್ತಾರೆ?” ಎಂದ. ಟೇಪನ್ನು ಕೊರಳಿಗೆ ಹಾಕಿಕೊಂಡು ಎದ್ದ.

ಅದು ನಿಜವಾಗಿತ್ತು. ಹುಡುಗನ ತಾಯಿ ಅವನಿಗೆ ಸ್ಟೂಲು ಕೊಡಿಸಿದಳು, ಚಹಾ ಕೊಡಿಸಿದಳು, ಹೆಂಡತಿ ಮಕ್ಕಳು ಉಂಟೇ ಎಂದು ಕೇಳಿದಳು, ಅವನು ತಲೆಯಾಡಿಸಿದ್ದನ್ನು ನೋಡದೆ ಇತ್ತ ತಿರುಗಿ ತನ್ನ ಮನೆಯ ಕೆಲಸದವರಿಗೆ ತಾನು ಕೊಟ್ಟ ಹಳೆಯ ಬಟ್ಟೆಗಳ ಮಾತು ತೆಗೆದಳು. ಅಣ್ಣ ಲೋಟ ಹಿಡಿದು ಕೂತಿದ್ದ. ಬೆವರಲಿಲ್ಲ. ನಡುಮನೆಯಲ್ಲಿ ಎಲ್ಲರ ಜೊತೆ ಅವನು ಚಹಾ ಕುಡಿದದ್ದನ್ನು ನಾನು ದೊಡ್ಡವಳಾದ ಮೇಲೆ ಕಂಡಿರಲಿಲ್ಲ.

ನೋಡುತ್ತಿದ್ದವಳು ಒಬ್ಬಳೇ, ಹುಡುಗನ ಅಕ್ಕ. ಅವಳ ಕಣ್ಣು ಅಪ್ಪನ ಮೇಲೆ, ನನ್ನ ಮೇಲೆ, ಹಡಗಿನ ಮಗ ಎಂದು ಅಮ್ಮ ಮೊದಲೇ ತೋರಿಸಿದ್ದ ಗೋಡೆಯ ಫೋಟೋದ ಮೇಲೆ, ಅಣ್ಣನ ಮೇಲೆ ಒಂದು ಸುತ್ತು ಹಾಕಿತು. ನಮ್ಮ ಮನೆತನದ ಕಿವಿಗಳು ಮೊರದಂತೆ ಮುಂದಕ್ಕೆ ಚಾಚಿವೆ, ಬಚ್ಚಿಡಲು ಬರುವುದಿಲ್ಲ.

“ಹಡಗು ಯಾವಾಗ ಬಂತು?” ಎಂದು ಅವಳು ಅಣ್ಣನನ್ನೇ ಮೆಲ್ಲಗೆ ಕೇಳಿದಳು.

ಮೆಲ್ಲಗೆ ಕೇಳಿದರೂ ಎಲ್ಲರಿಗೂ ಕೇಳಿಸಿತು. ಅವಳ ತಾಯಿ ಫೋಟೋ ನೋಡಿದಳು, ಟೈಲರನ್ನು ನೋಡಿದಳು, ಅಮ್ಮನನ್ನು ನೋಡಿದಳು. ಅಮ್ಮ ಗೋಳೋ ಎಂದು ಅತ್ತು, ಹೌದು ನನ್ನ ಮಗನೇ, ಹೀಗೇ ಅವನು, ನಾನೇನು ಮಾಡಲಿ ಎಂದಳು. ಸಂಬಂಧ ಮುರಿಯಿತು ಎಂದು ನಾವೆಲ್ಲ ಅಂದುಕೊಂಡೆವು. ಹುಡುಗನ ತಾಯಿಯ ಮುಖ ಅರಳಿತು. ಎದ್ದು ಬಂದು ಅಣ್ಣನ ಗಲ್ಲ ಹಿಡಿದೆತ್ತಿದಳು. ಇಂಥ ಮುತ್ತನ್ನು ಅಡಗಿಸಿಡುವುದೇ, ಮದುವೆಯ ದಿನ ನನ್ನ ಮಗಳ ಪಕ್ಕದಲ್ಲೇ ವೇದಿಕೆಯ ಮೇಲೆ ಇವನನ್ನೂ ಕೂರಿಸೋಣ, ಜನ ನೋಡಲಿ, ಇಬ್ಬರಿಗೂ ಒಂದೇ ಬಣ್ಣದ ಬಟ್ಟೆ ಹಾಕೋಣ ಎಂದಳು. ಮಾವ ಕೂಡಲೇ ಒಳ್ಳೆಯ ಸಲಹೆ ಎಂದ. ನಾಳೆಯ ವ್ಯಾನನ್ನು ಮದುವೆಯ ಮಾರನೆಯ ದಿನಕ್ಕೆ ಮುಂದೂಡಿದರಾಯಿತು ಎಂದ.

ಗಲ್ಲ ಹಿಡಿದ ಕೈಯ ಕೆಳಗೆ ಅಣ್ಣನಿಗೆ ಬೆವರು ಒಡೆಯಿತು. ಓಡುತ್ತಾನೆ ಎಂದು ನಾನು ಮೆಟ್ಟಿಲ ದಾರಿ ಬಿಟ್ಟು ಸರಿದು ನಿಂತೆ. ಅವನು ಆ ಕೈಯನ್ನು ಬಟ್ಟೆಯ ಮೇಲಿನ ದಾರದ ತುಣುಕಿನಂತೆ ತೆಗೆದುಹಾಕಿ, ಟೇಪಿನ ಎರಡು ತುದಿಗಳನ್ನೂ ಹಿಡಿದುಕೊಂಡ.

“ಅಮ್ಮಾವ್ರೇ,” ಎಂದ, ನಮ್ಮ ಅಮ್ಮನಿಗೆ. ಅಂಗಡಿಗೆ ಬರುವ ಕೆಲಸದವರು ಕರೆಯುವ ಹಾಗೆ. “ನಿಮ್ಮ ಮಗ ಹಡಗಲ್ಲೇ ಇರ್ಲಿ. ನಾನು ಟೈಲರ್.”

ಅವನು ಮಾತಿಗಾಗಿ ಸ್ವಲ್ಪ ತಡವರಿಸಿದ, ಆದರೆ ಬಿಡಲಿಲ್ಲ.

“ಟೈಲರ್ ಕೋಣೆಗೆ ಹೊರಗಿಂದ ಚಿಲಕ ಹಾಕೋದು ಯಾವ ಅಂಗಡೀಲೂ ಇಲ್ಲ. ಅದನ್ನ ತೆಗೆಸಿ. ಭಾನುವಾರ ನಂಗೆ ರಜಾ ಬೇಕು. ಮದುವೆಗೆ ಬಟ್ಟೆ ಹೊಲಿಯೋದಿದ್ರೆ ಬುಟ್ಟೀಲಿ ಹಾಕಿ.”

ಹುಡುಗನ ಅಕ್ಕ ಗಾಲಿಯನ್ನು ತಾನೇ ತಿರುಗಿಸಿಕೊಂಡು ಅವನ ಕಡೆ ಬಂದು, ನಂಗೆ ಗುಂಡಿ ಹಾಕೋಕೆ ಬರುತ್ತೆ, ನಿಮ್ಮಲ್ಲಿ ಇನ್ನೊಂದು ಕೆಲಸ ಖಾಲಿ ಇದ್ಯಾ ಎಂದು ಕೇಳಿದಳು. ಈ ಸಲ ಅವಳ ತಾಯಿ ಅದನ್ನು ತಮಾಷೆ ಎನ್ನಲಿಲ್ಲ. ಮಗಳ ಕುರ್ಚಿಯ ಹಿಡಿಕೆ ಹಿಡಿದು, ಫೋನು ಮಾಡುತ್ತೇವೆ ಎಂದು ಹೊರಟಳು. ಹುಡುಗ ನನಗೆ ಕೈಮುಗಿದ. ಅಷ್ಟು ಹೊತ್ತಿನಲ್ಲಿ ಅವನು ನನ್ನತ್ತ ನೋಡಿದ್ದು ಅದೇ ಮೊದಲು.

ಸೋಮವಾರ ವ್ಯಾನು ಬಂತು. ಕರೆದುಕೊಂಡು ಹೋಗಲು ಮಗ ಎಲ್ಲಿ ಎಂದು ಡ್ರೈವರು ಬಾಗಿಲಲ್ಲಿ ನಿಂತು ಕೇಳಿದ. ಅಮ್ಮ ಅಪ್ಪನನ್ನು ನೋಡಿದಳು. ರಾತ್ರಿ ಅಲ್ಲೇ ಉಳಿದಿದ್ದ ಮಾವ ಗಂಟಲು ಸರಿಮಾಡಿಕೊಂಡ. ಆದರೆ ಅಪ್ಪ ರಾತ್ರಿಯೆಲ್ಲ ಲೆಕ್ಕ ಹಾಕಿದ್ದರು: ಆಸ್ಪತ್ರೆಯ ಕುರ್ಚಿಗಳು ಅರ್ಧಕ್ಕೆ ನಿಂತಿವೆ, ಹೊಸ ಟೈಲರ್ ಸಿಗುವುದಿಲ್ಲ, ಸಿಕ್ಕರೂ ಇಷ್ಟು ಅಚ್ಚುಕಟ್ಟಾಗಿ ಹೊಲಿಯುವುದಿಲ್ಲ.

“ಮೇಲಿರೋನು ನಮ್ಮ ಟೈಲರ್. ಅವನನ್ನ ಎಲ್ಲೂ ಕಳ್ಸೋಕಾಗಲ್ಲ. ಕೆಲಸ ನಿಲ್ಲುತ್ತೆ,” ಎಂದರು.

ಮಗನನ್ನು ಕಳಿಸಲು ಒಂದು ಮಾತೂ ಆಡದೆ ಒಪ್ಪಿದ್ದ ಅಪ್ಪ, ಟೈಲರನ್ನು ಕಳಿಸಲು ಒಪ್ಪಲಿಲ್ಲ. ಸ್ಕ್ರೂಡ್ರೈವರು ತೆಗೆದುಕೊಂಡು ಮಹಡಿ ಹತ್ತಿದರು. ಡ್ರೈವರು ಇಷ್ಟು ದೂರ ಬಂದು ಖಾಲಿ ಹೋಗುವುದು ಹೇಗೆ ಎಂದು ಗೊಣಗುತ್ತಿದ್ದ. ಸಲಹೆ ಮಾವ, ಹೇಗೂ ಅದೇ ದಾರಿ, ನನ್ನನ್ನು ಬಸ್ ನಿಲ್ದಾಣದ ಹತ್ತಿರ ಇಳಿಸಿಬಿಡಿ ಎಂದು ಅಣ್ಣನಿಗೆಂದು ಕಾದಿರಿಸಿದ್ದ ಸೀಟಿನಲ್ಲಿ ಕೂತು, ಡ್ರೈವರಿಗೆ ಯಾವ ರಸ್ತೆ ಹಿಡಿಯಬೇಕೆಂದು ಹೇಳುತ್ತಾ ಹೋದ.