ಇಟಿಕ್ಯಾಲದಲ್ಲಿ ಇಳಿದ ಹೆಂಗಸು

ಎಮರ್ಜೆನ್ಸಿ ಬಂದು ವರ್ಷ ದಾಟಿತ್ತು. ಗದ್ವಾಲಿನ ಕಿರಾಣಿ ವ್ಯಾಪಾರಿ ವೀರಯ್ಯನ ಹೆಂಡತಿ ಮಹಾಂತಮ್ಮ ಕರ್ನೂಲಿನ ಮಗಳ ಮನೆಗೆಂದು ಬೆಳಗಿನ ಪ್ಯಾಸೆಂಜರ್ ಹತ್ತಿದಳು. ಕೂತ ಮೇಲೆಯೇ ಎದುರಿಗಿದ್ದವನ ಕೈಬೇಡಿ ಕಣ್ಣಿಗೆ ಬಿದ್ದದ್ದು. ಆಚೀಚೆ ಇಬ್ಬರು ಪೊಲೀಸರು. ಎದ್ದು ಹೋದರೆ ಯಾಕೆ ಎದ್ದೆ ಎಂದಾರೆಂಬ ಅಂಜಿಕೆಗೆ ಸೆರಗು ಎಳೆದುಕೊಂಡು ಕಿಟಕಿಗೆ ಮುಖ ಮಾಡಿದಳು.

ಗಾಡಿ ಹೊರಟಿತು. ಒಬ್ಬ ಪೊಲೀಸ್ ತೂಕಡಿಸತೊಡಗಿದ. ಇನ್ನೊಬ್ಬ ಬೀಡಿ ಹಚ್ಚಿಕೊಂಡು ಬಾಗಿಲಿಗೆ ಹೋದ.

“ಯಮ್ಮಾ, ಈ ಕಡಿ ನೋಡಬ್ಯಾಡ್ರಿ,” ಬೇಡಿಯವನು ಪಿಸುಗುಟ್ಟಿದ. “ನಾನು ಇಟಿಕ್ಯಾಲದ ಆಂಜನೇಯುಲು. ಕೂಲಿ ಹೆಚ್ಚ ಮಾಡ್ರಿ ಅಂತ ಮಂದಿ ಕೂಡಿಸಿದ್ದೆ. ಹಿಡದು ತಿಂಗಳಾತು, ಮನ್ಯಾಗ ಗೊತ್ತಿಲ್ಲ. ಕೋರ್ಟಿಗೆ ಹೋಗಿ ಕೇಳೂ ಹಕ್ಕು ಸೈತ ಈಗ ಯಾರಿಗೂ ಇಲ್ಲಂತ. ಜೀವಂತ ಅದಾನ ಅಂತ ನನ್ನ ಹೆಂಡ್ತಿ ಮೈಸಮ್ಮಗ ಹೇಳ್ರಿ. ಹನುಮಪ್ಪನ ಗುಡಿ ಹಿಂದಿನ ಮನಿ.”

ಮಹಾಂತಮ್ಮ ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ಗದ್ವಾಲಿನಲ್ಲಿ ತಮ್ಮ ಓಣಿಯ ಮೇಷ್ಟ್ರನ್ನು ಪೊಲೀಸರು ಎಳೆದೊಯ್ದಾಗ ವೀರಯ್ಯ ಮನೆಯ ಬಾಗಿಲು ಹಾಕಿಕೊಂಡು, ಅವರ ಹೆಸರೂ ಎತ್ತಬೇಡವೆಂದಿದ್ದ.

ಇಟಿಕ್ಯಾಲ ಬಂತು. ಏಳಬಾರದು ಅಂದುಕೊಂಡೇ ಎದ್ದಳು.

“ಎಕ್ಕಡಿಕಮ್ಮಾ?” ಬಾಗಿಲಲ್ಲಿದ್ದ ಪೊಲೀಸ್ ಎಲ್ಲಿಗೆಂದು ತೆಲುಗಿನಲ್ಲಿ ಕೇಳಿದ.

“ಇಲ್ಲೇ, ತಂಗಿ ಮನಿಗ್ರಿ.” ಕರ್ನೂಲಿನ ಟಿಕೆಟ್ಟು ಮುಷ್ಟಿಯೊಳಗೆ ಬೆವರಿಗೆ ಒದ್ದೆಯಾಗಿತ್ತು.

ಗುಡಿಯ ಹಿಂದಿನ ಮನೆಯಲ್ಲಿ ಒಬ್ಬಳು ಜೋಳ ಹಸನು ಮಾಡುತ್ತಿದ್ದಳು. ಮಹಾಂತಮ್ಮ ಹೇಳಿ ಮುಗಿಸುವ ಮೊದಲೇ ಆಕೆಯ ಮುಖ ಬಿಳಿಚಿತು.

“ಆ ಹೆಸರಿನವ್ರು ಇಲ್ಲಿಲ್ರಿ. ನಂಗ್ಯಾರೂ ಗೊತ್ತಿಲ್ಲ.”

ತನ್ನನ್ನು ಪೊಲೀಸರೇ ಕಳಿಸಿರಬೇಕೆಂದು ಈಕೆ ತಿಳಿದಿದ್ದಾಳೆ. ಅದು ಹೊಳೆದದ್ದೇ ಮಹಾಂತಮ್ಮ ಬಾಗಿಲಿಂದ ಹಿಂದೆ ಸರಿದಳು. ಹಾಗಾದರೆ ನಿಜವಾದ ಪೊಲೀಸರ ಕಡೆಯವರೂ ಈ ಓಣಿಯಲ್ಲೇ ಇರಬಹುದಲ್ಲ. ತಿರುಗಿ ನೋಡದೆ ನಡೆದಳು.

ಬಾವಿಯ ಹತ್ತಿರ, ಜೋಳ ಹಸನು ಮಾಡುತ್ತಿದ್ದವಳೇ ಬಿಂದಿಗೆ ಹೊತ್ತು ಪಕ್ಕದಲ್ಲಿ ಬಂದಳು. ಅವಳೇ ಮೈಸಮ್ಮ.

“ಅವ್ರ ಕಾಲು ನೆಟ್ಟಗದಾವೇನ್ರಿ? ಠಾಣೆದಾಗ ಹೊಡದು ಮುರೀತಾರಂತ.”

“ಕುಂತಿದ್ದ. ನಡದದ್ದು ನೋಡ್ಲಿಲ್ಲವ್ವ. ಮಾತು ಛಲೋ ಆಡಿದ.”

ಮೈಸಮ್ಮ ಬಿಂದಿಗೆಯ ಕೊರಳಿಗೆ ಹಗ್ಗ ಬಿಗಿದಳು. “ಹೊಲದ ದಾರಿಲೆ ಹೋಗ್ರಿ, ಯಾರೂ ನೋಡಂಗಿಲ್ಲ,” ಎಂದು ನೀರು ಸೇದತೊಡಗಿದಳು.

ಸಾಯಂಕಾಲದ ಗಾಡಿಯವರೆಗೆ ಖಾಕಿ ಕಂಡಾಗಲೆಲ್ಲ ಮಹಾಂತಮ್ಮ ಸೆರಗು ಎಳೆದುಕೊಂಡು ಮರೆಗೆ ಸರಿಯುತ್ತಿದ್ದಳು. ಮಗಳಿಗೆ ಗಾಡಿ ತಪ್ಪಿತೆಂದಳು. ವೀರಯ್ಯನಿಗೆ ಅದನ್ನೂ ಹೇಳಲಿಲ್ಲ. ಎಮರ್ಜೆನ್ಸಿ ಮುಗಿದು ಮೇಷ್ಟ್ರು ಮನೆಗೆ ಬಂದರು. ಆಂಜನೇಯುಲು ಬಂದನೋ ಇಲ್ಲವೋ, ಇಟಿಕ್ಯಾಲದಲ್ಲಿ ಇಳಿದು ಕೇಳುವ ಧೈರ್ಯ ಮಾತ್ರ ಆಕೆಗೆ ಮತ್ತೆ ಬರಲಿಲ್ಲ.