ಅತ್ತೆಯ ಕತ್ತಿನ ಪಟ್ಟಿ

ರುಜಿತ್ಸಾ ಮೂರನೆಯ ಸಲ ಅದೇ ಡ್ರಾಯರ್ ಎಳೆದಳು. ಮೈಗೆ ಅಂಟಿಸಿಕೊಳ್ಳುವ ಹಾರ್ಮೋನ್ ಪಟ್ಟಿ ಎರಡು ಉಳಿದಿದ್ದವು, ಈಗ ಒಂದೂ ಇಲ್ಲ. ಔಷಧಿ ಅಂಗಡಿಯವಳು ಸ್ಟಾಕಿಲ್ಲ, ನಾಲ್ಕು ದಿನ ಬಿಟ್ಟು ಬಾ ಎಂದಿದ್ದಳು. ನಾಲ್ಕು ದಿನ! ಮುಟ್ಟು ನಿಂತ ಮೇಲೆ ಎರಡು ವರ್ಷ ಅವಳಿಗೆ ನಿದ್ದೆ ಎನ್ನುವುದೇ ಇರಲಿಲ್ಲ. ಮೈಯೊಳಗೆ ಒಲೆ ಹೊತ್ತಿಸಿದಂತೆ ಉರಿ, ಆಮೇಲೆ ಬೆವರು. ಚಾಚಾಕ್ ಪಟ್ಟಣದ ಸಿಟಿ ಬಸ್ಸಿನ ಸ್ಟೀರಿಂಗ್ ಹಿಡಿದೇ ತೂಕಡಿಸಿ ಒಮ್ಮೆ ಕೆಂಪು ದೀಪ ದಾಟಿಸಿದ್ದಳು. ಇನ್ನೊಂದು ಸಲ ಹೀಗಾದರೆ ಮನೆಗೆ ನಡಿ ಎಂದಿದ್ದರು ಡಿಪೋದವರು. ಸೊಂಟದ ಕೆಳಗೆ ಪಟ್ಟಿ ಅಂಟಿಸಿಕೊಳ್ಳತೊಡಗಿದ ಮೇಲೆಯೇ ನಿದ್ದೆ ಬಂದದ್ದು, ಹೋದ ಜೀವ ಬಂದದ್ದು. ಇವತ್ತು ಪಟ್ಟಿ ಬದಲಿಸುವ ದಿನ, ಎರಡು ಗಂಟೆಗೆ ಪಾಳಿ.

ಗಂಡನ ಜೇಬು ತಡಕಿದಳು, ಹಾಸಿಗೆ ಕೊಡವಿದಳು. ನಿಂತಲ್ಲಿ ನಿಲ್ಲಲಾರದೆ ಅಡುಗೆಮನೆಗೆ ನುಗ್ಗಿ ಕಿಟಕಿ ತೆರೆದಳು.

"ಮುಚ್ಚೇ ಅದನ್ನ!" ಅತ್ತೆ ಡೆಸಾಂಕಾ ಕೂಗಿದರು. ಕೆಂಪು ದಪ್ಪಮೆಣಸಿನಕಾಯಿ ಸುಡುತ್ತಿದ್ದ ಹೊಗೆಗೆ ಕಣ್ಣು ಕಾಣುತ್ತಿರಲಿಲ್ಲ. ಆದರೂ ಎದುರುಬದುರು ಬಾಗಿಲು ಕಿಟಕಿ ತೆರೆದಿದ್ದರೆ, ನಡುವೆ ನುಗ್ಗುವ ಗಾಳಿಯಿಂದಲೇ ಕಾಯಿಲೆ ಎಂದು ನಂಬುವ ಆ ಊರಿನವರಿಗೆ ಪ್ರಾಣವೇ ಹೋದಂತೆ. "ನಿನ್ನ ಈ ಗಾಳಿ ಹೊಡೆದೇ ನನ್ನ ಕತ್ತು ಹಿಡ್ಕೊಂಡಿರೋದು. ನಿನ್ನ ಡ್ರಾಯರಲ್ಲಿದ್ದ ಪ್ಲಾಸ್ಟರ್ ಹಾಕ್ಕೊಂಡೆ, ಒಂಚೂರೂ ಇಳೀಲಿಲ್ಲ."

ತಲೆವಸ್ತ್ರದ ಕೆಳಗೆ, ಕತ್ತಿನ ಮೇಲೆ, ಅವಳ ಪಟ್ಟಿ.

"ಅಯ್ಯೋ ಅತ್ತೆ, ಅದು ಕತ್ತು ನೋವಿಗಲ್ಲ! ಮುಟ್ಟು ನಿಂತೋರ ಉರಿಗೆ! ನಾನಿನ್ನು ಬಸ್ಸು ಹೇಗೆ ಓಡಿಸ್ಲಿ? ಕೆಲ್ಸ ಹೋದ್ರೆ ನೀವು ಕೊಡಿಸ್ತೀರಾ?" ಅತ್ತೆಯ ಮೇಲೆ ಅವಳು ಹಾಗೆ ಹರಿಹಾಯ್ದದ್ದು ಇದೇ ಮೊದಲು.

ಡೆಸಾಂಕಾ ಒಲೆ ಆರಿಸಿದರು. "ಆ ಉರಿಗಾ? ಅದಕ್ಕೂ ಔಷಧಿ ಇದೆಯಾ?"

"ಇದೆ."

"ನಿನ್ನ ವಯಸ್ಸಲ್ಲಿ ನಾನು ಹಿಮದಲ್ಲಿ ಬರಿಗಾಲಲ್ಲಿ ಹೋಗಿ ನಿಲ್ತಿದ್ದೆ ಕಣೇ. ನಿಮ್ಮ ಮಾವ ಹುಚ್ಚು ಅಂದ್ರು. ಎರಡು ತಿಂಗಳು ಹುಚ್ಚಾಸ್ಪತ್ರೇಲಿ ಇಟ್ರು. ಇಷ್ಟಗಲದ ಪಟ್ಟಿ ಸಾಕಿತ್ತಾ?"

ರುಜಿತ್ಸಾ ಈ ಮನೆಗೆ ಬಂದು ಇಪ್ಪತ್ತು ವರ್ಷವಾಗಿತ್ತು, ಯಾರೂ ಇದನ್ನು ಹೇಳಿರಲಿಲ್ಲ. ಸಿಟ್ಟು ಎಲ್ಲಿ ಹೋಯಿತೋ.

ಡೆಸಾಂಕಾ ಏಪ್ರನ್ ಜೇಬಿನಿಂದ ಇನ್ನೂ ಬಿಚ್ಚದ ಪಟ್ಟಿಯೊಂದನ್ನು ತೆಗೆದರು. "ನಾಳೆಗೆ ಅಂತ ಇಟ್ಕೊಂಡಿದ್ದೆ. ಹಚ್ಕೋ. ನನ್ನ ಮುಂದೇನೇ ಹಚ್ಕೋ, ನೋಡ್ತೀನಿ."

ನಾಚುತ್ತಲೇ ರುಜಿತ್ಸಾ ಪ್ಯಾಂಟು ತುಸು ಜಾರಿಸಿ ಅಂಟಿಸಿಕೊಂಡಳು. "ಅಂಗೈಯಿಂದ ಒತ್ತಿ ಹಿಡೀಬೇಕು ಅತ್ತೆ. ಹತ್ತು ಎಣಿಸೋ ತನಕ."

"ತೆಗಿ ನಿನ್ನ ಕೈ."

ಮುದುಕಿ ಮಸಿ ಹತ್ತಿದ ಅಂಗೈಯನ್ನು ಏಪ್ರನ್‌ಗೆ ಒರೆಸಿ ಸೊಸೆಯ ಸೊಂಟದ ಮೇಲಿಟ್ಟು ಗಟ್ಟಿಯಾಗಿ ಎಣಿಸತೊಡಗಿದರು. ಹತ್ತಾಯಿತು. ಕೈ ತೆಗೆಯಲಿಲ್ಲ, ಅಳುತ್ತಿದ್ದರು.