ಬೈಗುಳದ ನೆಂಟಸ್ತಿಕೆ

ಬಾನಾ ಕಲೂಬ ಎದ್ದು ನಿಂತದ್ದೇ ತಡ, ಮಾವಿನ ಮರದ ಕೆಳಗೆ ಕೂತಿದ್ದ ಪೋಷಕರು ನಗತೊಡಗಿದರು. ಆಕೆ ಇನ್ನೂ ಬಾಯಿ ತೆರೆದಿರಲಿಲ್ಲ. ಸೊಂಟಕ್ಕೆ ಸುತ್ತಿದ್ದ ಚಿತೆಂಗೆ ಬಟ್ಟೆಯ ಗಂಟನ್ನು ಬಿಗಿ ಮಾಡಿಕೊಳ್ಳುತ್ತಿದ್ದಳು, ಅಷ್ಟೆ.

"ಬಂತು ನೋಡ್ರಪ್ಪ," ಎಂದು ಹಿಂದಿನ ಸಾಲಿನಲ್ಲಿ ಯಾರೋ ಅಂದರು. "ಮೇಷ್ಟ್ರೇ, ಮೇಜು ಗಟ್ಟಿಯಾಗಿ ಹಿಡ್ಕೊಳ್ಳಿ."

ಮೇಜಿನ ಹಿಂದೆ ಕೂತಿದ್ದ ಮುಖ್ಯೋಪಾಧ್ಯಾಯ ಜೆರೆ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಂಡ. ಆತನೂ ಆಗಲೇ ನಗುತ್ತಿದ್ದ. ಆತ ಎನ್ಗೋನಿ, ಆಕೆ ಬೆಂಬಾ. ಮುತ್ತಜ್ಜಂದಿರ ಕಾಲದಲ್ಲಿ ಒಬ್ಬರನ್ನೊಬ್ಬರು ಕಡಿದುಕೊಂಡ ಈ ಎರಡು ಕುಲದವರು ಈಗ ಬೈಗುಳದ ನೆಂಟರು. ಎದುರಾದಲ್ಲೆಲ್ಲ ಹೀಯಾಳಿಸಿಕೊಳ್ಳಬೇಕು, ಯಾರೂ ಸಿಟ್ಟಾಗಬಾರದು. ಬೆಂಬಾದವರು ಕೋತಿ ತಿನ್ನುವವರು, ಎನ್ಗೋನಿಗಳು ಇಲಿ ತಿನ್ನುವವರು. ಹಾಗೆ ಅನ್ನದೆ ಬರೀ ಕ್ಷೇಮಸಮಾಚಾರ ಕೇಳಿ ಮುಂದೆ ಹೋದರೆ ಅದೇ ಅವಮಾನ. ಊರಿನಲ್ಲಿ ಬೇಕಾದಷ್ಟು ಬೆಂಬಾಗಳೂ ಎನ್ಗೋನಿಗಳೂ ಇದ್ದರು. ಆದರೆ ಈ ಇಬ್ಬರ ಜಗಳ ಕೇಳಲು ಜನ ಬುಟ್ಟಿ ಕೆಳಗಿಟ್ಟು ನಿಲ್ಲುತ್ತಿದ್ದರು.

ಸಭೆ ಶುರುವಾಗಿ ಎರಡು ಗಂಟೆಯಾಗಿತ್ತು. ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಇನ್ನು ಮುಂದೆ ಶುಲ್ಕವಿಲ್ಲ, ಸಮವಸ್ತ್ರವಿಲ್ಲದ ಮಕ್ಕಳನ್ನೂ ಸೇರಿಸಿಕೊಳ್ಳಬೇಕು ಎಂದು ರಾಜಧಾನಿ ಲುಸಾಕಾದಿಂದ ಪತ್ರ ಬಂದಿತ್ತು. ಪೋಷಕರ ಸಮಿತಿಗೆ ಶುಲ್ಕ ಹೋದದ್ದು ಸಂತೋಷವೇ, ಸಮವಸ್ತ್ರ ಹೋಗುವುದು ಮಾತ್ರ ಇಷ್ಟವಿರಲಿಲ್ಲ. ಇಟ್ಟುಕೊಳ್ಳಬೇಕೋ ಬಿಡಬೇಕೋ ಎಂದು ಕೈ ಎತ್ತಿಸಿ ತೀರ್ಮಾನಿಸಲು ಶನಿವಾರ ಎಲ್ಲರನ್ನೂ ಕರೆದಿದ್ದರು.

"ಸಲೌಲಾ ಹಳೇ ಬಟ್ಟೆ ಮೂಟೆ ಕೆದಕಿ ಸಿಕ್ಕಿದ ಅಂಗಿ ಹಾಕಿ ಕಳಿಸ್ತೀರ," ಎಂದು ಅಧ್ಯಕ್ಷ ಸಿಮ್ವಿಂಗ ಹೇಳಿದ್ದ. "ಯಾರೋ ಬಿಳಿಯರು ಹಾಕಿ ಬಿಟ್ಟಿದ್ದು. ಮೊನ್ನೆ ಎರಡನೇ ಕ್ಲಾಸಿನ ಹುಡುಗನ ಎದೆ ಮೇಲೆ ಏನು ಬರೆದಿತ್ತು ಗೊತ್ತಾ? ಜಗತ್ತಿನ ಅತ್ಯುತ್ತಮ ಅಜ್ಜ!"

"ಅವನು ಗಂಭೀರವಾದ ಹುಡುಗನೇ ಬಿಡಿ," ಎಂದಿದ್ದ ಗಣಿಯಲ್ಲಿ ಕಾವಲುಗಾರನಾಗಿದ್ದ ಕಪೆಂಬ್ವ. "ಸಾರ್, ಪಾಠ ಹತ್ತೋದು ತಲೆಗೆ. ಅಂಗಿಗಲ್ಲ."

ಆಮೇಲೆ ದರ್ಜಿ ಕೆಲಸದ ಬಾನಾ ಮ್ವಾಂಸ ಎದ್ದಿದ್ದಳು. "ನಾನು ಹೊಲಿಯೋಳು ಅಂತ ಹೇಳ್ತಿಲ್ಲ," ಎಂದು ಶುರು ಮಾಡಿದಾಗ ಎಲ್ಲರೂ ಓಹೋ ಎಂದರು. ಆಕೆ ಕಾದಳು. "ಎಲ್ರೂ ಹಸಿರು ಸಮವಸ್ತ್ರ ಹಾಕ್ಕೊಂಡು ಸಾಲಲ್ಲಿ ನಿಂತ್ರೆ ಯಾರ ಮನೇಲಿ ಒಲೆ ಹಚ್ಚಿದ್ರು, ಯಾರ ಮನೇಲಿ ಹಚ್ಚಿಲ್ಲ ಅಂತ ಗೊತ್ತಾಗಲ್ಲ. ನನ್ನ ಮಗೂಗೆ ಅಷ್ಟಾದ್ರೂ ಮರೆ ಇರ್ಲಿ." ಅದಕ್ಕೆ ಯಾರೂ ನಗಲಿಲ್ಲ. ಕಪೆಂಬ್ವ ಕೂಡ ನೆಲ ನೋಡಿದ.

ಕೊನೆಗೆ ಕಾರ್ಯದರ್ಶಿ ಒಂದು ಪ್ರಕಟಣೆ ಓದಿದ. ಏಳನೆಯ ತರಗತಿಯ ಪರೀಕ್ಷೆಗೆ ಕೂರುವವರ ಪಟ್ಟಿ ಸೋಮವಾರ ಜಿಲ್ಲಾ ಕಚೇರಿಗೆ ಹೋಗುತ್ತದೆ. ಅಂದು ತರಗತಿಯಲ್ಲಿ ಹಾಜರಿಲ್ಲದವರ ಹೆಸರು ಅದರಲ್ಲಿ ಇರುವುದಿಲ್ಲ. ಬಾನಾ ಕಲೂಬ ಎದ್ದದ್ದು ಆಗ.

"ಏ ಇಲಿ ತಿನ್ನೋನೇ," ಎಂದಳು. ಅದು ವಾಡಿಕೆ. ಆತನ ಎದುರು ಬೇರೆ ರೀತಿ ಮಾತು ತೆಗೆದದ್ದು ಆಕೆಗೆ ನೆನಪಿರಲಿಲ್ಲ. "ನಿಮ್ಮಜ್ಜಂದಿರು ದಕ್ಷಿಣದಿಂದ ನಡ್ಕೊಂಡು ಬಂದಾಗ ಏನ್ ಹಾಕ್ಕೊಂಡಿದ್ರೋ? ಇಲಿ ಚರ್ಮ ತಾನೆ? ಗೇಟಲ್ಲಿ ಯಾರಾದ್ರೂ ತಡೆದ್ರಾ?"

ಮರದ ಕೆಳಗೆ ನಗೆ ಎದ್ದಿತು. ಜೆರೆ ಎರಡೂ ಕೈ ಮೇಜಿನ ಮೇಲಿಟ್ಟು ಮುಂದಕ್ಕೆ ಬಾಗಿದ.

"ತಡೆಯೋಕೆ ನಿಮ್ಮೋರು ಬಂದಿದ್ರು ಮುದುಕಿ. ನಮ್ಮನ್ನ ನೋಡಿ ಮರ ಹತ್ತಿದ್ರು. ಸಾಯಂಕಾಲದ ಅಡುಗೆಗೆ ಅಂತ ಗುರಿ ಇಟ್ಟಿದ್ದ ಕೋತೀನೇ ತಬ್ಕೊಂಡು ಕೂತಿದ್ರು!"

ಕೆಲವರು ತೊಡೆ ತಟ್ಟಿಕೊಂಡರು. ನಗೆ ಇಳಿಯುವ ಮೊದಲೇ ಬಾನಾ ಕಲೂಬ ಹೇಳಿದಳು, "ನನ್ನ ಮೊಮ್ಮಗಳು ಮೂರು ವಾರದಿಂದ ಕ್ಲಾಸಿಗೆ ಹೋಗಿಲ್ಲ. ದಿನಾ ಗೇಟಿನ ತನಕ ಹೋಗಿ ವಾಪಸ್ ಬರ್ತಾಳೆ. ಫ್ರಾಕು ಬೆನ್ನ ಮೇಲೆ ಹರಿದೋಯ್ತು. ಉದ್ದ ಬೆಳೆದುಬಿಟ್ಟಿದಾಳೆ, ಇನ್ನು ಹೊಲಿಗೆ ಹಾಕೋಕೂ ಬಟ್ಟೆ ಉಳಿದಿಲ್ಲ."

"ಕೋತಿಗೆ ಫ್ರಾಕ್ ತೊಡಿಸಿದ್ರೆ ಹರೀದೆ ಇರತ್ತಾ? ಮೊದಲು ಮರದಿಂದ ಇಳಿಸು."

"ನಾನು ನಿಜ ಹೇಳ್ತಿದೀನಿ ಕಣೋ."

"ನಾನೂ ನಿಜಾನೇ ಹೇಳ್ತಿದೀನಿ! ಭಾನುವಾರ ಚರ್ಚಲ್ಲಿ ಕೆಂಪು ರವಿಕೆ, ಬಿಳಿ ವಸ್ತ್ರ ಕಟ್ಕೊಂಡು ಹೆಂಗಸರ ಸಂಘದ ಸಾಲಲ್ಲಿ ನಿಲ್ತೀಯಲ್ಲ, ಅದೇನು? ದೇವ್ರಿಗೆ ಮಾತ್ರ ಸಮವಸ್ತ್ರ, ನನಗಿಲ್ವಾ?"

"ಆ ರವಿಕೆ ಇಲ್ದೆ ಇದ್ರೂ ದೇವ್ರು ನನ್ನ ಒಳಗೆ ಬಿಡ್ತಾನೆ," ಎಂದಳು ಬಾನಾ ಕಲೂಬ. "ನೀನು ಬಿಡಲ್ಲ."

ಅದು ಆ ದಿನದ ಅತ್ಯುತ್ತಮ ಮಾತೆಂದು ಸಭೆ ತೀರ್ಮಾನಿಸಿತು. ಜನ ಕೇಕೆ ಹಾಕಿದರು, ಬಾನಾ ಮ್ವಾಂಸ ಕಣ್ಣೊರೆಸಿಕೊಂಡಳು, ಕಪೆಂಬ್ವ ಎದ್ದು ಆಕೆಯ ಕೈ ಕುಲುಕಿದ. ಜೆರೆ ಸೋತೆ ಎಂಬಂತೆ ಎರಡೂ ಕೈ ಮೇಲೆತ್ತಿದ. ಆಕೆ ಮತ್ತೇನೋ ಹೇಳಿದಳು, ಕೇಳಿಸಲಿಲ್ಲ. ನಗುತ್ತಲೇ ಸಿಮ್ವಿಂಗ ಎಲ್ಲರಿಂದ ಕೈ ಎತ್ತಿಸಿದ. ಸಮವಸ್ತ್ರ ಉಳಿಯಿತು.

ಹೋಗುವಾಗ ಒಬ್ಬಳು ಆಕೆಯ ಭುಜ ತಟ್ಟಿದಳು. "ಚೆನ್ನಾಗಿ ಕೊಟ್ಟೆ ಬಾನಾ ಕಲೂಬ. ಇವತ್ತಿನ ಸಭೆ ಸಾರ್ಥಕ ಆಯ್ತು."

ಮನೆಯ ಹಿಂದೆ ಇದ್ದಿಲೊಲೆಯ ಮುಂದೆ ಮೊಮ್ಮಗಳು ಚಿಲೆಷೆ ಜೋಳದ ಹಿಟ್ಟಿನ ನ್ಶಿಮಾ ತಿರುವುತ್ತಿದ್ದಳು. ಸಲೌಲಾದಲ್ಲಿ ತಂದ ಹಳದಿ ಅಂಗಿ ತೊಟ್ಟಿದ್ದಳು. ಕತ್ತಿನ ಸುತ್ತ ಜಾಲರಿ ಇದ್ದ, ಯಾವುದೋ ಮದುವೆಗೆಂದು ಹೊಲಿಸಿದಂತಿದ್ದ ಅಂಗಿ. ಹದಿನಾಲ್ಕು ವರ್ಷದ ಹುಡುಗಿ ಕೂತರೂ ಉದ್ದವಾಗಿ ಕಾಣುತ್ತಿದ್ದಳು. ಹುಟ್ಟು ತಿರುವುವುದನ್ನು ನಿಲ್ಲಿಸದೆ ಕೇಳಿದಳು.

"ಎಲ್ರೂ ನಗ್ತಾ ಬರ್ತಿದ್ರು. ಏನಾಯ್ತು ಅಜ್ಜಿ?"

"ನಿಯಮ ಹಾಗೇ ಇರ್ಲಿ ಅಂದ್ರು."

"ನೀನು ಹೇಳ್ಲಿಲ್ವಾ?"

"ಹೇಳ್ದೆ. ಫ್ರಾಕ್ ಹರಿದಿದ್ದು, ಗೇಟಲ್ಲಿ ತಡೆದಿದ್ದು, ಎಲ್ಲಾ."

"ಇಲಿ ತಿನ್ನೋನೇ ಅಂತ ಶುರು ಮಾಡಿದ್ಯಾ?"

"ಮತ್ತೆ ಹೇಗೆ ಶುರು ಮಾಡ್ಲಿ?"

ಹುಡುಗಿ ನ್ಶಿಮಾ ಮುದ್ದೆ ಮಾಡಿ ತಟ್ಟೆಗೆ ಹಾಕಿದಳು, ಪಕ್ಕದಲ್ಲಿ ಹುರಿದ ಸಣ್ಣ ಮೀನು ಇಟ್ಟಳು. ಆಮೇಲೆ ಮೆಲ್ಲಗೆ ಹೇಳಿದಳು, "ಸಮವಸ್ತ್ರ ಬೇಡ ಅಂತ ನಾನು ಹೇಳ್ಲಿಲ್ಲ ಅಜ್ಜಿ. ನಂಗೆ ಹಸಿರೇ ಬೇಕು. ಇದ್ರಲ್ಲಿ ಎಲ್ರೂ ನನ್ನೇ ನೋಡ್ತಾರೆ."

ಬಾನಾ ಕಲೂಬ ತುತ್ತು ಮುರಿದು ಕೈಯಲ್ಲೇ ಹಿಡಿದುಕೊಂಡು ಕೂತಳು. ಮಾತಾಡಿದ್ದನ್ನು ಮೊದಲಿನಿಂದ ನೆನೆಸಿಕೊಂಡಳು. ಹೇಳಬೇಕಾದ್ದನ್ನೆಲ್ಲ ಹೇಳಿದ್ದಳು. ಒಂದು ಮಾತನ್ನೂ ಬಿಟ್ಟಿರಲಿಲ್ಲ. ಆದರೂ ಅಲ್ಲಿ ಕೂತವರಲ್ಲಿ ಒಬ್ಬರಿಗೂ, ಸ್ವತಃ ಜೆರೆಗೂ, ಆಕೆ ಏನನ್ನೋ ಕೇಳಲು ಬಂದಿದ್ದಳೆಂದು ತಿಳಿದಿರಲಿಲ್ಲ.

ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಆಕೆ ಮನೆಗೆ ಹೋಗಿ ಕೆಂಪು ರವಿಕೆ ಬಿಚ್ಚಿಟ್ಟು, ದಿನಬಳಕೆಯ ಬಟ್ಟೆ ಹಾಕಿಕೊಂಡು ಮುಖ್ಯೋಪಾಧ್ಯಾಯರ ಮನೆಗೆ ನಡೆದಳು. ಜೆರೆ ಜಗಲಿಯ ಮೇಲೆ ಬನಿಯನ್‌ನಲ್ಲಿ ಕೂತು ವಾರಕ್ಕಾಗುವಷ್ಟು ಬೂಟುಗಳಿಗೆ ಪಾಲಿಶ್ ಹಾಕುತ್ತಿದ್ದ. ತನ್ನದು, ಹೆಂಡತಿಯದು, ಮೂರು ಮಕ್ಕಳದು. ಆಕೆಯನ್ನು ದೂರದಿಂದಲೇ ಕಂಡು ಬ್ರಷ್ ಎತ್ತಿದ.

"ಬಾರೇ ಕೋತಿ! ಬಾಳೆಹಣ್ಣು ಮುಗಿದೋಗಿದೆ ಅಂತ ಮೊದಲೇ ಹೇಳಿಬಿಡ್ತೀನಿ."

ಬಾನಾ ಕಲೂಬ ಜಗಲಿಯ ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟಳು. ಮಣ್ಣಿನ ಮೇಲೆ ಮಂಡಿಯೂರಿದಳು. ದೊಡ್ಡವರಿಗೆ ವಂದಿಸುವಂತೆ ತಲೆ ತಗ್ಗಿಸಿ ಅಂಗೈಗಳನ್ನು ಬೋಗುಣಿಯಂತೆ ಮಾಡಿ ಮೂರು ಸಲ ಮೆಲ್ಲಗೆ ತಟ್ಟಿದಳು.

ಜೆರೆಯ ನಗು ಮುಖದ ಮೇಲೆಯೇ ಉಳಿಯಿತು. "ಏನಿದು? ಬಾಲ ಎಲ್ಲಾದ್ರೂ ಸಿಕ್ಕಾಕೊಂಡಿತಾ?"

ಆಕೆ ತಲೆ ಎತ್ತಲಿಲ್ಲ.

"ಏಳು ಮುದುಕಿ, ಜನ ನೋಡಿದ್ರೆ ನಾನು ಹೊಡೆದೆ ಅಂದ್ಕೊಳ್ತಾರೆ." ಅದಕ್ಕೂ ಉತ್ತರ ಬರದಿದ್ದಾಗ ಆತ ಬ್ರಷ್ ಕೆಳಗಿಟ್ಟ. "ಯಾರು ತೀರ್ಕೊಂಡ್ರು?"

ಕೇಳಿದ ಮೇಲೆ ಅದೂ ಅಲ್ಲವೆಂದು ಆತನಿಗೇ ಹೊಳೆಯಿತು. ಸಾವಿನ ಮನೆಯಲ್ಲೂ ಬೈಗುಳದ ನೆಂಟರು ಬೈಗುಳ ಬಿಡುವಂತಿರಲಿಲ್ಲ. ಎರಡು ವರ್ಷದ ಹಿಂದೆ ಆಕೆಯ ಗಂಡ ಸತ್ತಾಗ ಇದೇ ಜೆರೆ ಸತ್ತವನ ಟೊಪ್ಪಿಗೆ ಹಾಕಿಕೊಂಡು, ಅವನಂತೆಯೇ ಕುಂಟುತ್ತ ಅಂಗಳದ ತುಂಬ ಓಡಾಡಿದ್ದ. ಶವಪೆಟ್ಟಿಗೆಗೆ ಅಡ್ಡ ಮಲಗಿ, ಒಂದು ಕೋಳಿ ಕೊಡದಿದ್ದರೆ ಈ ಕೋತಿಯನ್ನು ಹೂಳಲು ಬಿಡುವುದಿಲ್ಲ ಎಂದಿದ್ದ. ಅಳುತ್ತಿದ್ದ ಬಾನಾ ಕಲೂಬ ಅಳುವಿನ ನಡುವೆಯೇ, ಇಲಿ ಹಿಡಿಯುವ ಬೋನು ತನ್ನಿರೋ ಎಂದು ಕೂಗಿದ್ದಳು.

"ತಮ್ಮ ಹತ್ರ ಒಂದು ಮಾತು ಹೇಳ್ಬೇಕಿತ್ತು ಸಾರ್," ಎಂದಳು ಈಗ. "ನನ್ನ ಮೊಮ್ಮಗಳು ಚಿಲೆಷೆ, ಏಳನೇ ಕ್ಲಾಸು. ಮೂರು ವಾರದಿಂದ ಗೇಟಲ್ಲಿ ವಾಪಸ್ ಕಳಿಸ್ತಿದಾರೆ. ಹಸಿರು ಫ್ರಾಕ್ ಹೊಲಿಸೋ ಶಕ್ತಿ ಈ ವರ್ಷ ನನಗಿಲ್ಲ. ನಾಳೆ ಅವಳು ಒಳಗೆ ಇಲ್ದಿದ್ರೆ ಪರೀಕ್ಷೆಗೆ ಹೆಸರು ಹೋಗಲ್ಲ. ತಾವು ದೊಡ್ಡ ಮನಸ್ಸು ಮಾಡ್ಬೇಕು."

ಒಳಗೆ ರೇಡಿಯೋದಲ್ಲಿ ಫುಟ್‌ಬಾಲ್ ವೀಕ್ಷಕ ವಿವರಣೆ ನಡೆಯುತ್ತಿತ್ತು. ಜೆರೆ ಪಾಲಿಶ್ ಹತ್ತಿದ ಬೆರಳುಗಳನ್ನು ನೋಡಿಕೊಂಡ.

"ನೀನು ಇದನ್ನ ನಿನ್ನೆ ಹೇಳ್ಬಾರ್ದಿತ್ತಾ? ಸಭೇಲಿ?"

"ನಿನ್ನೆ ಹೇಳ್ದೆ ಸಾರ್."

ಜೆರೆ ಮೂಲೆಯ ಗೂಟದಲ್ಲಿದ್ದ ಅಂಗಿಯನ್ನು ತೆಗೆದು ತೊಟ್ಟುಕೊಂಡ. ಗುಂಡಿಗಳನ್ನು ಒಂದೊಂದಾಗಿ, ಕತ್ತಿನವರೆಗೂ ಹಾಕಿದ. ಆಮೇಲೆ ಮೆಟ್ಟಿಲಿಳಿದು ಬಂದು ಆಕೆಯ ಎದುರು ನಿಂತ. ಕೈ ಹಿಡಿದೆತ್ತಲು ಬಾಗಿದವನು ಮುಟ್ಟಬಹುದೋ ಬಾರದೋ ಎಂಬಂತೆ ತಡೆದ.

"ಏಳಿ, ಅಮ್ಮ," ಎಂದ. "ಹುಡುಗೀನ ಕಳಿಸಿ."

ಸೋಮವಾರ ಚಿಲೆಷೆ ಹಳದಿ ಅಂಗಿಯಲ್ಲೇ ಗೇಟು ದಾಟಿದಳು. ನಲವತ್ತೇಳು ಹಸಿರು ಬೆನ್ನುಗಳ ಹಿಂದೆ, ಕೊನೆಯ ಬೆಂಚಿನಲ್ಲಿ, ಕತ್ತಿನ ಜಾಲರಿಯನ್ನು ಒಳಕ್ಕೆ ಮಡಚಿಕೊಂಡು ಕೂತಳು. ಅವಳ ಹೆಸರು ಪಟ್ಟಿಗೆ ಸೇರಿತು. ಎರಡು ದಿನ ಬಿಟ್ಟು ಸಿಮ್ವಿಂಗ ಕಚೇರಿಗೆ ಬಂದ. ಸಮಿತಿಯ ತೀರ್ಮಾನಕ್ಕೆ ಬೆಲೆಯೇನು ಎಂದು ಕೇಳಿದ. ಜೆರೆ ಲುಸಾಕಾದ ಪತ್ರವನ್ನು ಅವನ ಮುಂದೆ ಸರಿಸಿದ. "ಇಷ್ಟು ದಿನ ಈ ಪತ್ರ ನಿಮ್ಮ ಕಣ್ಣಿಗೆ ಬಿದ್ದಿರ್ಲಿಲ್ವಾ ಸಾರ್?" ಎಂದು ಸಿಮ್ವಿಂಗ ಕೇಳಿದ. ಅದೇ ವಾರ ಇನ್ನೂ ಐದು ಮಕ್ಕಳು ಬಣ್ಣಬಣ್ಣದ ಅಂಗಿಗಳಲ್ಲಿ ಬಂದರು. ಬಾನಾ ಮ್ವಾಂಸ ತನ್ನ ಮಗನ ಹಸಿರು ಅಂಗಿಗೆ ಇನ್ನಷ್ಟು ಗಂಜಿ ಹಾಕಿ ಇಸ್ತ್ರಿ ಮಾಡಿ ಕಳಿಸತೊಡಗಿದಳು.

ಅಕ್ಟೋಬರ್ ತಿಂಗಳ ಒಂದು ಶನಿವಾರ ಹಿಟ್ಟಿನ ಗಿರಣಿಯ ಮುಂದೆ ಉದ್ದ ಸಾಲಿತ್ತು. ಬಿಸಿಲಿಗೆ ತಗಡಿನ ಮಾಡು ಚಟಚಟ ಎನ್ನುತ್ತಿತ್ತು. ಬಾನಾ ಕಲೂಬ ಜೋಳದ ಬೋಗುಣಿ ಹೊತ್ತು ಬಾಗಿಲಿನವರೆಗೆ ಬಂದಿದ್ದಳು. ಅಷ್ಟರಲ್ಲಿ, ಸಾಲಿಲ್ಲದೆ ನೇರ ಬಾಗಿಲಿಗೆ ಕರೆಸಿಕೊಳ್ಳುವ ದೊಡ್ಡವರಂತೆ, ಜೆರೆ ಸೈಕಲ್ಲಿನ ಮೇಲೆ ಚೀಲ ಹೇರಿಕೊಂಡು ಬಂದ. ಸಾಲಿನಲ್ಲಿದ್ದವರು ಮಾತು ನಿಲ್ಲಿಸಿದರು. ಕೆಲವರ ತುಟಿಗಳಲ್ಲಿ ನಗು ಆಗಲೇ ತಯಾರಾಗಿತ್ತು. ಹಿಂದಿದ್ದ ಒಬ್ಬಳು ಚೆನ್ನಾಗಿ ಕೇಳಿಸಲೆಂದು ಮಗುವನ್ನು ಬೆನ್ನಿನಿಂದ ಸೊಂಟಕ್ಕೆ ಸರಿಸಿಕೊಂಡು ಮುಂದೆ ಬಂದಳು.

"ಚೆನ್ನಾಗಿದ್ದೀರಾ, ಅಮ್ಮ?" ಎಂದ ಜೆರೆ.

"ಚೆನ್ನಾಗಿದೀನಿ ಸಾರ್. ತಾವು?"

"ಚೆನ್ನಾಗಿದ್ದೇನೆ. ಹೋಗಿ, ನೀವು ಮೊದಲು ಹಾಕಿಸಿ."

"ಇಲ್ಲ ಸಾರ್. ತಾವು ಮೊದಲು."

"ಪರವಾಗಿಲ್ಲ, ನೀವು ಹೋಗಿ."

ಇಬ್ಬರೂ ಕದಲಲಿಲ್ಲ. ಗಿರಣಿಯವನು ಒಳಗಿನಿಂದ ಇಣುಕಿ ನೋಡಿದ. ಯಂತ್ರ ಖಾಲಿ ತಿರುಗುತ್ತ ಕಿರುಚಿಕೊಳ್ಳುತ್ತಿತ್ತು, ಹಿಟ್ಟಿನ ಧೂಳು ಬಾಗಿಲಿನಿಂದ ಹೊರಬಂದು ಅವರಿಬ್ಬರ ತಲೆಯ ಮೇಲೂ ಕೂರುತ್ತಿತ್ತು. ಸ್ವಲ್ಪ ಹೊತ್ತು ಕಾದು, ಮಗು ಹೊತ್ತವಳು ತನ್ನ ಬುಟ್ಟಿಯನ್ನೆತ್ತಿಕೊಂಡು ಇಬ್ಬರ ನಡುವೆ ಹಾದು ಒಳಗೆ ಹೋದಳು.